ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಲ್ಲಿ ಬಾಯಿಯ ಆರೋಗ್ಯ

ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಮತ್ತು ಬೊಮ್ಮಸಂದ್ರ, ವಾಯವ್ಯಕ್ಕೆ ತುಮಕೂರು ರಸ್ತೆಯ ಪೀಣ್ಯ. ಈ ಪ್ರದೇಶಗಳಲ್ಲಿ ದುಡಿಯುವ ಬಡ ಮತ್ತು ವಲಸೆ ಕುಟುಂಬಗಳ ಹಲ್ಲು, ವಸಡು, ನಾಲಿಗೆ, ಕೆನ್ನೆಯ ಒಳಪದರಗಳ ಸ್ಥಿತಿ ಹೇಗಿದೆ, ಅವರಿಗೆ ಸಿಗುವ ಚಿಕಿತ್ಸೆ ಎಂಥದು, ಅದನ್ನು ಸಮನಾಗಿ ಹಂಚಲು ಏನೇನು ನಡೆದಿದೆ ಎಂಬುದು ಈ ಲೇಖನದ ವಿಷಯ. ಹಳ್ಳಿಗಾಡಿನಲ್ಲಿ ದಂತವೈದ್ಯರೇ ಇಲ್ಲ ಎಂಬ ದೂರು ಹಳೆಯದು. ಇಲ್ಲಿ ಆ ದೂರಿಗೆ ಆಸ್ಪದವಿಲ್ಲ. ಮೂರೂ ಪ್ರದೇಶಗಳ ಆಸುಪಾಸಿನಲ್ಲಿ ದಂತ ಕಾಲೇಜುಗಳಿವೆ, ಮುಖ್ಯರಸ್ತೆಗಳಲ್ಲಿ ಹೆಜ್ಜೆಗೊಂದು ಖಾಸಗಿ ಕ್ಲಿನಿಕ್ ಇದೆ. ಆದರೂ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳು, ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಸೆಕ್ಯೂರಿಟಿಯವರು, ಕಟ್ಟಡ ಕೆಲಸದ ಕೂಲಿಯವರು ಉಳಿಸಿಕೊಳ್ಳಬಹುದಾಗಿದ್ದ ಹಲ್ಲನ್ನು ಕೀಳಿಸಿಕೊಳ್ಳುತ್ತಲೇ ಇದ್ದಾರೆ.

ಪ್ರದೇಶ ಮತ್ತು ಜನ

ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ ವಸತಿ ಗ್ರಾಮ. 1990ರ ದಶಕದ ಕೊನೆಯಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಬಂದ ಮೇಲೆ ಅದರ ಚಹರೆಯೇ ಬದಲಾಯಿತು. ಕಿಯೋನಿಕ್ಸ್ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರ ಕನಸಿನ ಫಲವಾಗಿ 1970ರ ದಶಕದ ಕೊನೆಯಲ್ಲಿ ಆ ಸರ್ಕಾರಿ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಅದೇ ದಶಕದಲ್ಲಿ ಬೆಳೆದ ಪೀಣ್ಯ, ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳ ದೊಡ್ಡ ನೆಲೆ. ಯಂತ್ರದ ಬಿಡಿಭಾಗ, ಎಲೆಕ್ಟ್ರೋಪ್ಲೇಟಿಂಗ್, ಪೌಡರ್ ಕೋಟಿಂಗ್, ಸಿದ್ಧ ಉಡುಪು ಎಲ್ಲವೂ ಅಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ನಡೆಯುತ್ತವೆ.

ಈ ಪ್ರದೇಶಗಳ ಹೆಸರು ಕೇಳಿದಾಗ ಕಣ್ಣಿಗೆ ಕಟ್ಟುವುದು ಗಾಜಿನ ಕಟ್ಟಡಗಳು. ಆ ಕಟ್ಟಡಗಳನ್ನು ಕಟ್ಟಿದವರು, ಒರೆಸುವವರು, ಕಾಯುವವರು, ಅಲ್ಲಿಗೆ ಊಟ ತಲುಪಿಸುವವರು ಇರುವುದು ತೂಬರಹಳ್ಳಿ, ಮುನ್ನೇಕೊಳಾಲು, ಹೆಬ್ಬಗೋಡಿ, ಲಗ್ಗೆರೆಯಂಥ ಕಡೆಗಳ ವಠಾರಗಳಲ್ಲಿ ಮತ್ತು ತಗಡಿನ ಶೆಡ್ಡುಗಳಲ್ಲಿ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದಿಂದ ಬಂದವರ ಜೊತೆಗೆ ಬಿಹಾರ, ಒಡಿಶಾ, ಅಸ್ಸಾಂ, ಪಶ್ಚಿಮ ಬಂಗಾಳದವರೂ ಇದ್ದಾರೆ. ಬಾಡಿಗೆ ಹೆಚ್ಚಾದರೆ ಅಥವಾ ಕೆಲಸದ ಸೈಟು ಬದಲಾದರೆ ಇಡೀ ಸಂಸಾರ ಬೇರೆ ಕಡೆಗೆ ಹೊರಡುತ್ತದೆ. ಹಲವು ಬಾರಿ ಹೋಗಬೇಕಾದ ಯಾವ ಚಿಕಿತ್ಸೆಯೂ ಈ ಓಡಾಟದಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಕಾಣಿಸುವ ರೋಗಗಳು

ಹುಳುಕು ಹಲ್ಲು ಎಲ್ಲ ವರ್ಗದವರನ್ನೂ ಕಾಡುತ್ತದೆ. ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐದು ವರ್ಷದ ಮಕ್ಕಳಲ್ಲಿ ಶೇ 51.9, ಹನ್ನೆರಡು ವರ್ಷದವರಲ್ಲಿ ಶೇ 53.8, 35ರಿಂದ 44ರ ವಯಸ್ಸಿನವರಲ್ಲಿ ಶೇ 80.2 ಮಂದಿಗೆ ದಂತಕ್ಷಯವಿತ್ತು. ಜಗತ್ತಿನ ಲೆಕ್ಕ ಇನ್ನೂ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಬಾಯಿಯ ರೋಗಗಳಿಂದ ನರಳುವವರ ಸಂಖ್ಯೆಯನ್ನು ಸುಮಾರು 350 ಕೋಟಿ ಎಂದು ಅಂದಾಜಿಸಿತು. ಅವರಲ್ಲಿ ನಾಲ್ವರಲ್ಲಿ ಮೂವರು ಮಧ್ಯಮ ಆದಾಯದ ದೇಶಗಳವರು. ಹುಳುಕು ಹತ್ತುವುದರಲ್ಲಿ ಬಡವ ಬಲ್ಲಿದರ ನಡುವೆ ಅಂಥ ದೊಡ್ಡ ವ್ಯತ್ಯಾಸವಿಲ್ಲದಿರಬಹುದು. ಆಮೇಲೆ ಆ ಹಲ್ಲಿಗೆ ಏನಾಗುತ್ತದೆ ಎಂಬಲ್ಲಿ ವ್ಯತ್ಯಾಸ ಶುರುವಾಗುತ್ತದೆ. ಟೆಕ್ ಪಾರ್ಕಿನ ಉದ್ಯೋಗಿಯ ಹಲ್ಲಿಗೆ ಸಿಮೆಂಟ್ ತುಂಬುತ್ತಾರೆ, ಕ್ಯಾಪ್ ಹಾಕುತ್ತಾರೆ. ಅದೇ ಕಟ್ಟಡದ ಹೌಸ್‌ಕೀಪಿಂಗ್ ಕೆಲಸದವರ ಹಲ್ಲನ್ನು ಕೀಳುತ್ತಾರೆ.

ಎರಡನೆಯ ಹೊರೆ ತಂಬಾಕು ಮತ್ತು ಅಡಿಕೆಯದು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ಶೇ 22.8 ವಯಸ್ಕರು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹೊಗೆರಹಿತ ತಂಬಾಕಿನ ಪಾಲೇ ಶೇ 16.3. ಉತ್ತರ ಕರ್ನಾಟಕದವರು ಎಲೆ ಅಡಿಕೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಹಾಕಿಕೊಂಡೇ ಬರುತ್ತಾರೆ, ಬಿಹಾರ ಒಡಿಶಾದವರು ಖೈನಿ ತಿಕ್ಕುತ್ತಾರೆ. ಕಾಲಾಂತರದಲ್ಲಿ ಎಲ್ಲರೂ ಒಂದೇ ಪೆಟ್ಟಿಗೆ ಅಂಗಡಿಯ ಸ್ಯಾಶೆಗಳಿಗೆ ಒಗ್ಗಿಕೊಳ್ಳುತ್ತಾರೆ. ಕರ್ನಾಟಕ 2013ರ ಮೇನಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲದ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಎಂದು ಬೇರೆ ಬೇರೆ ಮಾರಾಟ ಶುರುವಾಯಿತು. ಎರಡನ್ನೂ ಬಾಯಿಗೆ ಸುರಿದುಕೊಂಡರೆ ಹಳೆಯ ಗುಟ್ಕಾ ಸಿದ್ಧ. ಹದಿನೆರಡು ಗಂಟೆಯ ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು, ಹಸಿವು ಮರೆಯಲು ಇದಕ್ಕಿಂತ ಅಗ್ಗದ ವಸ್ತು ಸಿಗುವುದಿಲ್ಲ. ಚಟ ಬಿಡಿ ಎಂದು ಉಪದೇಶ ಮಾಡುವವರು ಆ ಪಾಳಿಯ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಡಿಕೆಯ ವಿಚಾರ ಕನ್ನಡಿಗರಿಗೆ ಸೂಕ್ಷ್ಮವಾದದ್ದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ತಾಂಬೂಲವಿಲ್ಲದೆ ಶುಭಕಾರ್ಯ ನಡೆಯುವುದಿಲ್ಲ. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂಬಾಕು ಬೆರೆಯದಿದ್ದರೂ ಅಡಿಕೆಯೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದ್ದನ್ನು ಮರೆಮಾಚಲಾಗದು. ನಿತ್ಯ ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಕ್ರಮೇಣ ಬಿಗಿಯುತ್ತದೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಮೊದಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಗೆ ಬೆರಳಾಡಿಸಿದರೆ ದಾರದಂಥ ಗೆರೆಗಳು ಕೈಗೆ ತಾಗುತ್ತವೆ, ಪದರ ಬಿಳಿಚಿಕೊಳ್ಳುತ್ತದೆ. ಪರೀಕ್ಷೆ ಸುಲಭ: ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಲು ಹೇಳಬೇಕು. ಮೂರರ ಬದಲು ಎರಡೇ ಹಿಡಿಸಿದರೆ ಆ ವ್ಯಕ್ತಿಯನ್ನು ತಜ್ಞರ ಬಳಿ ಕಳಿಸಬೇಕು. ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ. ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೊಠಡಿಯಲ್ಲಿ ಕೂರುವ ನರ್ಸ್ ಕೂಡ ಒಂದು ನಿಮಿಷದಲ್ಲಿ ಮಾಡಬಹುದು. ಈ ಬಿಗಿತವಿರುವ ಬಾಯಲ್ಲಿ ಮುಂದೆ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಬಾಯಿಯದೇ. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕ್ಯಾನ್ಸರ್ ಪತ್ತೆಗಾಗಿ ಒಮ್ಮೆಯಾದರೂ ಬಾಯಿ ತೋರಿಸಿದ್ದೇವೆ ಎಂದ ಹೆಂಗಸರು ದೇಶದಲ್ಲಿ ಶೇ 0.9, ಗಂಡಸರು ಶೇ 1.2 ಮಾತ್ರ.

ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಲ್ಲಿ ಇನ್ನೊಂದು ಅಪಾಯವಿದೆ. ಆಮ್ಲದ ತೊಟ್ಟಿಯಿಂದ ಏಳುವ ಆವಿ ಮಾತಾಡುವಾಗ, ಬಾಯಲ್ಲಿ ಉಸಿರಾಡುವಾಗ ಮುಂಹಲ್ಲಿನ ಅಂಚಿಗೆ ತಾಗಿ ಎನಾಮಲ್ ಸವೆಸುತ್ತದೆ. ಬ್ಯಾಟರಿ ಮತ್ತು ಪ್ಲೇಟಿಂಗ್ ಕಾರ್ಮಿಕರಲ್ಲಿ ಈ ಸವೆತ ಉಂಟಾಗುವುದು ಔದ್ಯೋಗಿಕ ವೈದ್ಯಶಾಸ್ತ್ರಕ್ಕೆ ಬಹಳ ಕಾಲದಿಂದ ಗೊತ್ತು. ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರಿಗೆ ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಆಗಬೇಕೆಂದು ಕಾನೂನೇ ಹೇಳುತ್ತದೆ. ಆ ತಪಾಸಣೆಯಲ್ಲಿ ಬಾಯಿ ತೆರೆಸಿ ನೋಡುವುದನ್ನೂ ಸೇರಿಸಿದರೆ ಹೆಚ್ಚಿನ ಖರ್ಚೇನೂ ತಗಲದು.

ಹಲ್ಲಿನ ಮೇಲಿನ ಕಂದು ಕಲೆಯೂ ಈ ವಠಾರಗಳಲ್ಲಿ ಕಣ್ಣಿಗೆ ಬೀಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರು, ಕೊಪ್ಪಳ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಬಾಲ್ಯದಲ್ಲಿ ಅದನ್ನು ಮೀರಿದ ನೀರು ಕುಡಿದವರ ಹಲ್ಲು ಬಣ್ಣಗೆಡುತ್ತದೆ. ಉಜ್ಜಿದರೆ ಹೋಗದ ಈ ಕಲೆಯನ್ನು ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ತಿಕ್ಕಿ ಎನಾಮಲ್ಲನ್ನೇ ಕಳೆದುಕೊಳ್ಳುವವರುಂಟು.

ಒಂದು ಹಲ್ಲಿಗೆ ಎಷ್ಟು ಅರ್ಧ ದಿನ

ಹಲ್ಲುನೋವು ಬಂದಾಗ ಮೊದಲು ಲವಂಗ, ಆಮೇಲೆ ಮೆಡಿಕಲ್ ಸ್ಟೋರಿನ ಮಾತ್ರೆ. ಒಂದು ನೋವಿನದು, ಒಂದು ಆಂಟಿಬಯಾಟಿಕ್. ಎರಡು ದಿನಕ್ಕೆ ನೋವು ಇಳಿಯುತ್ತದೆ. ಮುಂದೊಂದು ದಿನ ಹಲ್ಲಿನೊಳಗಿನ ನರ ಸತ್ತಾಗ ನೋವು ಪೂರ್ತಿ ನಿಂತೇಹೋಗುತ್ತದೆ, ವಾಸಿಯಾಯಿತೆಂದು ಎಲ್ಲರೂ ನಂಬುತ್ತಾರೆ. ಸೋಂಕು ಬೇರಿನ ತುದಿಯಲ್ಲಿ ಒಳಗೊಳಗೇ ಬೆಳೆಯುತ್ತಿರುತ್ತದೆ. ಕೆಳದವಡೆಯ ಹಿಂಬದಿಯ ಹಲ್ಲಾದರೆ ಕೀವು ಗದ್ದದ ಅಡಿಗೆ, ಕುತ್ತಿಗೆಗೆ ಇಳಿದು ಉಸಿರು ಕಟ್ಟುವ ಮಟ್ಟಕ್ಕೂ ಹೋಗಬಹುದು. ಸಿಮೆಂಟ್ ತುಂಬಿಸಿದ್ದರೆ ಮುಗಿಯುತ್ತಿದ್ದ ತೊಂದರೆ ತೀವ್ರ ನಿಗಾ ಘಟಕ ತಲುಪುವುದು ಹೀಗೆ.

ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯ ಒಬ್ಬ ಟೈಲರ್ ರೂಟ್ ಕೆನಾಲ್ ಮಾಡಿಸಿಕೊಳ್ಳಬೇಕು ಎಂದಿಟ್ಟುಕೊಳ್ಳೋಣ. ಮೊದಲ ದಿನ ಚೀಟಿ ಮಾಡಿಸಿ, ಎಕ್ಸ್‌ರೇ ತೆಗೆಸಿ, ನರ ತೆಗೆಯುವ ಮೊದಲ ಹಂತ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಬೇರಿನ ಕಾಲುವೆ ಶುಚಿ ಮಾಡಲು ಇನ್ನೊಂದು ದಿನ, ತುಂಬಲು ಮತ್ತೊಂದು, ಕ್ಯಾಪಿಗೆ ಅಳತೆ ಕೊಡಲು ಒಂದು, ಕೂರಿಸಲು ಒಂದು. ಬೋಧನಾ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಕಲಿಯುತ್ತಾ ಮಾಡುವುದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ. ಹೊರರೋಗಿ ವಿಭಾಗ ತೆರೆದಿರುವ ಹೊತ್ತೂ ಕಾರ್ಖಾನೆಯ ಹಗಲು ಪಾಳಿಯೂ ಒಂದೇ. ಆಕೆ ಎದ್ದುಹೋದರೆ ಲೈನಿನ ಪ್ರೊಡಕ್ಷನ್ ನಿಲ್ಲುತ್ತದೆ, ಸೂಪರ್‌ವೈಸರ್ ಮುಖ ಗಂಟಿಕ್ಕುತ್ತಾರೆ, ರಜೆ ಹಾಕಿದ್ದಕ್ಕೆ ಹಲವು ಕಡೆ ತಿಂಗಳ ಹಾಜರಾತಿ ಬೋನಸ್ಸೂ ಕೈತಪ್ಪುತ್ತದೆ. ಹಲ್ಲು ಕೀಳಿಸಲು ಒಂದೇ ದಿನ ಸಾಕು. "ಕಿತ್ತುಹಾಕಿಬಿಡಿ ಡಾಕ್ಟ್ರೇ" ಎಂಬ ಮಾತನ್ನು ಈ ಪ್ರದೇಶದ ದಂತವೈದ್ಯರು ದಿನವೂ ಕೇಳುತ್ತಾರೆ. ಅದನ್ನು ಅಜ್ಞಾನ ಎಂದು ಬರೆದುಕೊಳ್ಳುವುದು ಅನ್ಯಾಯ. ಕಳೆದುಕೊಳ್ಳಲಿರುವ ಕೂಲಿಯನ್ನು ಸರಿಯಾಗಿ ಲೆಕ್ಕಹಾಕಿಯೇ ಅವರು ಹಾಗೆ ಹೇಳುವುದು.

ಹೋಗಿಬರುವ ಖರ್ಚು ಇತ್ತೀಚೆಗೆ ತಗ್ಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಪೀಣ್ಯದಿಂದ ಕೆ.ಆರ್. ಮಾರ್ಕೆಟ್‌ಗೆ 2017ರಿಂದ ನೇರ ಮೆಟ್ರೊ ಇದೆ, ವೈಟ್‌ಫೀಲ್ಡ್‌ಗೆ 2023ರಲ್ಲಿ, ಬೊಮ್ಮಸಂದ್ರಕ್ಕೆ 2025ರಲ್ಲಿ ಬಂತು. ವಿಕ್ಟೋರಿಯಾ ಆಸ್ಪತ್ರೆಯ ಬಳಿಯ, 1958ರಷ್ಟು ಹಳೆಯ ಸರ್ಕಾರಿ ದಂತ ಕಾಲೇಜಿಗೆ ಈಗ ಮೂರೂ ದಿಕ್ಕಿನವರು ರೈಲಿನಲ್ಲೇ ಬರಬಹುದು. ದೂರ ಕಡಿಮೆಯಾದ ಮೇಲೂ ಉಳಿದಿರುವುದು ಕೂಲಿಯ ಹೊತ್ತಿನ ತೊಡಕು.

ಇದರ ಜೊತೆಗೆ ಭಯಗಳೂ ಇವೆ. ಮೇಲ್ದವಡೆಯ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ, ಕ್ಲೀನ್ ಮಾಡಿಸಿದರೆ ಹಲ್ಲು ಅಲುಗಾಡುತ್ತದೆ ಎಂಬ ಮಾತುಗಳು ಮನೆಮನೆಯಲ್ಲೂ ಕೇಳಿಬರುತ್ತವೆ. ಎರಡೂ ನಿಜವಲ್ಲ. ಗಟ್ಟಿಯಾದ ಪಾಚಿ ತೆಗೆದಾಗ, ಅದರ ಆಧಾರದಲ್ಲಿ ನಿಂತಿದ್ದ ಸಡಿಲ ಹಲ್ಲು ಮೊದಲ ಬಾರಿಗೆ ಅಲುಗಿದಂತೆ ತೋರುತ್ತದೆ, ಅಷ್ಟೆ.

ಸರ್ಕಾರದ ಏರ್ಪಾಡುಗಳು

ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014-15ರಲ್ಲಿ ಶುರುವಾಯಿತು. ಸರಿಸುಮಾರು ಅದೇ ಹೊತ್ತಿಗೆ ಕರ್ನಾಟಕ ದಂತಭಾಗ್ಯ ಯೋಜನೆ ತಂದು, ದಂತ ಕಾಲೇಜುಗಳ ಮೂಲಕ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡತೊಡಗಿತು. 60 ವರ್ಷದ ಮಿತಿ ಮುಂದೆ 45ಕ್ಕೆ ಇಳಿಯಿತು. ಬೊಚ್ಚುಬಾಯಲ್ಲಿ ಮುದ್ದೆ ನುಂಗುತ್ತಿದ್ದವರು ಮತ್ತೆ ಅಗಿದು ತಿನ್ನುವಂತಾದದ್ದು ಸಣ್ಣ ಸಂಗತಿಯಲ್ಲ. ಆದರೆ ಮೂವತ್ತರಲ್ಲಿ ಹಲ್ಲು ಉಳಿಸಲು ನೆರವಿಲ್ಲದೆ, ಎಲ್ಲ ಕಳೆದುಕೊಂಡ ಮೇಲೆ ಸೆಟ್ ಕೊಡುವ ಕ್ರಮ ತಲೆಕೆಳಗಾಗಿದೆ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ಹೃದಯದ ಶಸ್ತ್ರಚಿಕಿತ್ಸೆಯೇ ಉಚಿತ. ಅದೇ ಬಡಾವಣೆಯಲ್ಲಿ ರೂಟ್ ಕೆನಾಲ್‌ಗೆ ಸಾವಿರಾರು ರೂಪಾಯಿ ಹೊಂದಿಸಬೇಕು.

2022-23ರಿಂದ ನಗರದ ವಾರ್ಡುಗಳಲ್ಲಿ ತೆರೆದ ನಮ್ಮ ಕ್ಲಿನಿಕ್‌ಗಳು ಮನೆಗೆ ಹತ್ತಿರದ ಉಚಿತ ಚಿಕಿತ್ಸೆಯನ್ನು ಸಾಧ್ಯವಾಗಿಸಿವೆ. ಪ್ರಾಥಮಿಕ ಆರೋಗ್ಯ ಸೇವೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಬಾಯಿಯ ಆರೈಕೆಯೂ ಸೇರಿದೆ. ಆದರೆ ನಮ್ಮ ಕ್ಲಿನಿಕ್‌ನಲ್ಲಿರುವವರು ಒಬ್ಬ ವೈದ್ಯರು, ನರ್ಸ್, ಲ್ಯಾಬ್ ಸಿಬ್ಬಂದಿ. ದಂತವೈದ್ಯರ ಹುದ್ದೆಯಾಗಲಿ ಕುರ್ಚಿಯಾಗಲಿ ಅಲ್ಲಿಲ್ಲ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಯಲ್ಲಿ ತುಂಬುವ ಪ್ರಶ್ನಾವಳಿ ಮಾತ್ರ ಬಹಳ ಉಪಯುಕ್ತವಾದದ್ದು. ಬಾಯಲ್ಲಿ ವಾಸಿಯಾಗದ ಹುಣ್ಣಿದೆಯೇ, ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ, ಬಾಯಿ ತೆರೆಯಲು ಕಷ್ಟವೇ ಎಂದು ಅದು ಕೇಳುತ್ತದೆ. ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯೂ ಬಾಯಿ ಕ್ಯಾನ್ಸರ್ ತಪಾಸಣೆಯನ್ನು ಮನೆ ಬಾಗಿಲಿಗೆ ಒಯ್ಯುತ್ತದೆ. ಹಗಲಿಡೀ ಬೀಗ ಹಾಕಿರುವ ವಠಾರಕ್ಕೆ ಆಶಾ ಬಂದಾಗ ಯಾರು ಸಿಗುತ್ತಾರೆ ಎಂಬುದು ಈ ಪ್ರದೇಶದ ಕಷ್ಟ.

ಕಾರ್ಮಿಕರ ಹಕ್ಕಿನ ಚಿಕಿತ್ಸೆ ಎಂದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ 2017ರಿಂದ ಅದು ಅನ್ವಯ. ಕಾರ್ಮಿಕರ ಕಂತು ಸಂಬಳದ ಶೇ 0.75, ಮಾಲೀಕರದು ಶೇ 3.25. ರಾಜಾಜಿನಗರದಲ್ಲಿ ದೊಡ್ಡ ಆಸ್ಪತ್ರೆ, ಪೀಣ್ಯದಲ್ಲೇ ಒಂದು ಆಸ್ಪತ್ರೆ ಇವೆ. ಕಾಗದದ ಮೇಲೆ ಹಲ್ಲಿನ ಚಿಕಿತ್ಸೆಗೂ ಇದೇ ದಾರಿ. ಆದರೆ ಕಾಯಿಲೆ ರಜೆಯ ಹಣ ಕೊಡುವಾಗ ಇಎಸ್‌ಐ ಮೊದಲ ಎರಡು ದಿನಗಳನ್ನು ಸಾಮಾನ್ಯವಾಗಿ ಬಿಟ್ಟು ಲೆಕ್ಕಹಾಕುತ್ತದೆ. ಜ್ವರದಿಂದ ಹತ್ತು ದಿನ ಮಲಗಿದವರಿಗೆ ಅದರಿಂದ ನೆರವಾಗುತ್ತದೆ. ವಾರಕ್ಕೊಮ್ಮೆ ಅರ್ಧ ದಿನದಂತೆ ಐದು ಬಾರಿ ಹೋಗಬೇಕಾದ ಹಲ್ಲಿನ ರೋಗಿಗೆ ಏನೂ ದಕ್ಕುವುದಿಲ್ಲ. ಗುತ್ತಿಗೆದಾರ ಬದಲಾದಾಗ ಕಂತು ಕಟ್ಟುವುದು ನಿಂತು, ಕಾರ್ಡು ಇದ್ದೂ ಇಲ್ಲದಂತಾಗುವುದು ಬೇರೆ ಮಾತು. ಹೆಚ್ಚಿನ ಆರೋಗ್ಯ ವಿಮೆಗಳು ಅಪಘಾತವಾಗದ ಹೊರತು ಹಲ್ಲಿನ ಖರ್ಚು ಕೊಡುವುದಿಲ್ಲವಾದ್ದರಿಂದ, 21,000ದ ಗೆರೆಯನ್ನು ಸ್ವಲ್ಪವೇ ದಾಟಿದವರು ಎರಡೂ ಕಡೆ ಹೊರಗುಳಿಯುತ್ತಾರೆ.

ಕಾಲೇಜುಗಳು, ಶಿಬಿರಗಳು, ಮೊಬೈಲ್ ಫೋನು

ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ, ಬೆಂಗಳೂರಿನಲ್ಲಿ ಅವು ಇನ್ನೂ ದಟ್ಟ. ವೈಟ್‌ಫೀಲ್ಡ್‌ನಲ್ಲಿ ವೈದೇಹಿ, ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿ ಬೊಮ್ಮನಹಳ್ಳಿಯ ಆಕ್ಸ್‌ಫರ್ಡ್, ಪೀಣ್ಯಕ್ಕೆ ಹತ್ತಿರವಾಗಿ ಯಶವಂತಪುರದ ಕೆಎಲ್‌ಇ. ಇಂಥ ಕಾಲೇಜುಗಳ ಸಾರ್ವಜನಿಕ ಆರೋಗ್ಯ ದಂತ ವಿಭಾಗಗಳು ಕುರ್ಚಿ ಅಳವಡಿಸಿದ ಬಸ್ಸಿನಲ್ಲಿ ಶಾಲೆ, ಕಾರ್ಖಾನೆಗಳಿಗೆ ಹೋಗಿ ಶಿಬಿರ ನಡೆಸುತ್ತವೆ. ಶಿಬಿರದಲ್ಲಿ ಹಲ್ಲು ಎಣಿಸಿ, ಪೇಸ್ಟ್ ಹಂಚಿ, "ಕಾಲೇಜಿಗೆ ಬನ್ನಿ" ಎಂದು ಚೀಟಿ ಬರೆದುಕೊಡುವುದೇ ಹೆಚ್ಚು. ಆ ಚೀಟಿ ಹಿಡಿದು ಎಷ್ಟು ಜನ ಬಂದರು, ಎಷ್ಟು ಹಲ್ಲು ಉಳಿದವು ಎಂಬುದೇ ಶಿಬಿರದ ನಿಜವಾದ ಅಳತೆಗೋಲು ಆಗಬೇಕು. ಬ್ಯಾನರಿನ ಮುಂದಿನ ಫೋಟೊ ಅದನ್ನು ತೋರಿಸುವುದಿಲ್ಲ.

ಈ ವಲಯದಲ್ಲೇ ಬೆಳೆದ ಒಂದು ಪ್ರಯೋಗ ಬೇರೆ ರೀತಿಯದು. ಹೊಸೂರು ರಸ್ತೆಯಲ್ಲಿ ನೆಲೆಯಿರುವ ಬಯೋಕಾನ್ ಕಂಪನಿಯ ಪ್ರತಿಷ್ಠಾನವೂ ಕೆಎಲ್‌ಇ ದಂತ ಕಾಲೇಜಿನ ತಜ್ಞರೂ ಬೊಮ್ಮಸಂದ್ರದ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರದ ವೈದ್ಯರೂ 2010ರ ದಶಕದ ಮೊದಲಲ್ಲಿ ಮೊಬೈಲ್ ಫೋನಿನ ಮೂಲಕ ಬಾಯಿ ಕ್ಯಾನ್ಸರ್ ಪತ್ತೆಗೆ ತೊಡಗಿದರು. ಒಂದು ತಂಡ ಮನೆ ಮನೆಗೆ ಹೋಗಿ, ಇನ್ನೊಂದು ತಂಡ ಕೆಲಸದ ಸ್ಥಳಕ್ಕೇ ಹೋಗಿ ಪ್ರಶ್ನೆ ಕೇಳಿ, ಅನುಮಾನದ ಮಚ್ಚೆಯ ಫೋಟೊ ತೆಗೆದು ತಜ್ಞರಿಗೆ ಕಳಿಸಿತು. ತಜ್ಞರು ಕೂತಲ್ಲೇ ನೋಡಿ ಯಾರನ್ನು ಕರೆಸಬೇಕೆಂದು ತಿಳಿಸುತ್ತಿದ್ದರು. ಇದರ ಫಲಿತಾಂಶ 2015ರಲ್ಲಿ ಅಮೆರಿಕದ ದಂತ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾರ್ಮಿಕರನ್ನು ಆಸ್ಪತ್ರೆಗೆ ಎಳೆಯದೆ ಪಾಳಿಯ ನಡುವೆಯೇ ಬಾಯಿ ನೋಡಿದ್ದು ಇದರ ಹೆಚ್ಚುಗಾರಿಕೆ. ಮಚ್ಚೆ ಕ್ಯಾನ್ಸರ್ ಆಗುವ ಮೊದಲೇ ಸಿಕ್ಕಿದರೆ, ಮುಂದೆ ದವಡೆ ಕಳೆದುಕೊಳ್ಳುವುದು ತಪ್ಪುತ್ತದೆ.

ಸುಧಾರಣೆಯ ದಾರಿಗಳು

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಪೇಸ್ಟ್, ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣ ಮತ್ತು ಗ್ಲಾಸ್ ಅಯನೊಮರ್ ಸಿಮೆಂಟನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದು ಈ ವಲಯಕ್ಕೆ ಹೇಳಿಮಾಡಿಸಿದಂಥ ಬದಲಾವಣೆ. ಹುಳುಕಿನ ಮೇಲೆ ಆ ದ್ರಾವಣದ ಒಂದೆರಡು ಹನಿ ಸವರಿದರೆ ಹೆಚ್ಚಿನ ಬಾರಿ ಅದು ಅಲ್ಲಿಗೇ ನಿಲ್ಲುತ್ತದೆ. ಹುಳುಕು ಕಪ್ಪಾಗಿ ಉಳಿಯುವುದೊಂದೇ ಕೊರತೆ, ಅದನ್ನು ತಾಯಂದಿರಿಗೆ ಮೊದಲೇ ಹೇಳಬೇಕು. ಮೆತ್ತಗಾದ ಭಾಗವನ್ನು ಕೈ ಉಪಕರಣದಿಂದ ಕೆರೆದು ಅಯನೊಮರ್ ತುಂಬುವ ವಿಧಾನಕ್ಕೆ ಡ್ರಿಲ್ ಬೇಡ, ಹೆಚ್ಚಿನ ಬಾರಿ ಇಂಜೆಕ್ಷನ್ನೂ ಬೇಡ. ಕಾರ್ಖಾನೆಯ ಶಿಶುಪಾಲನಾ ಕೊಠಡಿಯಲ್ಲಿ, ಅಂಗನವಾಡಿಯಲ್ಲಿ, ಮರದ ಬೆಂಚಿನ ಮೇಲೆ ಮಲಗಿಸಿಯೂ ಮಾಡಬಹುದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಹಲ್ಲನ್ನೂ ನೋಡುತ್ತವೆ. ವಲಸಿಗರು ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಸೇರಿಸುವ ಕಡಿಮೆ ಶುಲ್ಕದ ಖಾಸಗಿ ಶಾಲೆಗಳೂ ಶೆಡ್ಡಿನಲ್ಲೇ ಉಳಿದ ಮಕ್ಕಳೂ ಅದರ ಹೊರಗಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಚೈಲ್ಡ್‌ಸ್ಮೈಲ್ ಎಂಬ ಕಾರ್ಯಕ್ರಮದಡಿ ಶಿಶುವಿಹಾರದ ಮಕ್ಕಳು ಶಿಕ್ಷಕರ ಎದುರೇ ದಿನವೂ ಹಲ್ಲುಜ್ಜುತ್ತಾರೆ, ಅಲ್ಲಿ ಹುಳುಕು ಗಣನೀಯವಾಗಿ ಇಳಿಯಿತು. ಮೊಟ್ಟೆ, ಹಾಲು ಕೊಡುವ ಅಂಗನವಾಡಿಗೆ ಬ್ರಷ್ಷು ಮತ್ತು ಬಟಾಣಿ ಕಾಳಿನಷ್ಟು ಪೇಸ್ಟ್ ಸೇರಿಸುವುದು ದೊಡ್ಡ ಮಾತೇನಲ್ಲ.

ದೊಡ್ಡವರಿಗೆ ಬೇಕಾದದ್ದು ಸಂಜೆ ಆರರ ಮೇಲೆ ಮತ್ತು ಭಾನುವಾರ ತೆರೆದಿರುವ ಕುರ್ಚಿ. ಬ್ರೆಜಿಲ್ 2004ರಲ್ಲಿ ಬ್ರಜಿಲ್ ಸೊರಿಡೆಂಟೆ ಎಂಬ ನೀತಿ ತಂದು, ದಂತ ಚಿಕಿತ್ಸಾ ತಂಡಗಳನ್ನು ಬಡಾವಣೆ ಮಟ್ಟದ ಕುಟುಂಬ ಆರೋಗ್ಯ ವ್ಯವಸ್ಥೆಯೊಳಗೇ ಸೇರಿಸಿತು. ಇಲ್ಲಿ ಅಂಥ ತಂಡವನ್ನು ನಾಲ್ಕೈದು ನಮ್ಮ ಕ್ಲಿನಿಕ್‌ಗಳಿಗೆ ಒಂದರಂತೆ ಕೊಟ್ಟರೂ, ಪಾಸಾಗಿ ಕೆಲಸ ಹುಡುಕುತ್ತಿರುವ ಬಿಡಿಎಸ್ ಪದವೀಧರರಿಗೂ ದಾರಿಯಾಗುತ್ತದೆ. ಪಾಚಿ ತೆಗೆಯುವಂಥ ಕೆಲಸವನ್ನು 1948ರ ದಂತವೈದ್ಯರ ಕಾಯ್ದೆ ಆಗಲೇ ಗುರುತಿಸಿದ ಹೈಜಿನಿಸ್ಟರಿಗೆ ವಹಿಸಬಹುದು.

ಇದನ್ನೆಲ್ಲ ಯಾರು ಮಾಡಬೇಕು ಎಂಬಲ್ಲಿ ಗಾಡಿ ನಿಲ್ಲುತ್ತದೆ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾದವು, ವೈಟ್‌ಫೀಲ್ಡ್ ಪೂರ್ವ ಪಾಲಿಕೆಗೆ ಸೇರಿತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿರುವ ಭಾಗಕ್ಕೆ 2013ರಿಂದ ಎಲ್ಸಿಟಾ ಎಂಬ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಅಲ್ಲಿ ದುಡಿಯುವವರು ಮಲಗುವ ಹೆಬ್ಬಗೋಡಿ, ಬೊಮ್ಮಸಂದ್ರ ಬೇರೆ ಸ್ಥಳೀಯ ಸಂಸ್ಥೆಗಳಿಗೆ ಸೇರಿವೆ, ಅವರ ಆಸ್ಪತ್ರೆ ಆನೇಕಲ್ ತಾಲ್ಲೂಕಿನದು, ಕಾರ್ಡು ಇಎಸ್‌ಐನದು, ಶಿಬಿರ ಖಾಸಗಿ ಕಾಲೇಜಿನದು. ಆಸ್ತಿ ತೆರಿಗೆ ಒಂದು ಕಡೆ ಸಂಗ್ರಹವಾಗುತ್ತದೆ, ಕಾಯಿಲೆ ಇನ್ನೊಂದು ಕಡೆ. ಟೌನ್‌ಶಿಪ್ ಪ್ರಾಧಿಕಾರಗಳ ನಿಧಿಯಿಂದಲೂ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದಿಂದಲೂ ಗೇಟಿನ ಹೊರಗಿನ ಬಡಾವಣೆಗಳಲ್ಲಿ ಸಂಜೆ ದಂತ ಚಿಕಿತ್ಸಾಲಯ ನಡೆಸುವುದು, ಇಎಸ್‌ಐ ತನ್ನ ಡಿಸ್ಪೆನ್ಸರಿಗಳಲ್ಲೇ ಕುರ್ಚಿ ಹಾಕಿ ಅರ್ಧ ದಿನದ ಹಲ್ಲಿನ ಚಿಕಿತ್ಸೆಯನ್ನು ಸಂಬಳಸಹಿತ ಹೊತ್ತೆಂದು ಪರಿಗಣಿಸುವುದು, ಈಗಿರುವ ಕಾನೂನು ಮತ್ತು ಹಣದ ಮಿತಿಯೊಳಗೇ ಹತ್ತಿರಕ್ಕೆ ಕಾಣುವ ಎರಡು ಹೆಜ್ಜೆಗಳು. ಮೊದಲನೆಯದಕ್ಕೆ ಸ್ಥಳೀಯ ಸಂಸ್ಥೆಗಳ ನಡುವೆ ಒಪ್ಪಂದವಾಗಬೇಕು, ಎರಡನೆಯದಕ್ಕೆ ದೆಹಲಿಯಲ್ಲಿರುವ ಇಎಸ್‌ಐ ನಿಗಮ ತನ್ನ ನಿಯಮ ತಿದ್ದಬೇಕು.